ಏಳು ಕಣ್ಣಿನ ಪ್ಲಗ್ಗು

ಮಂಗಳವಾರ ಬೆಳಿಗ್ಗೆ ಮೆನ್ಲೋ ಪಾರ್ಕಿನ ಆಫೀಸುಗಳ ಹಿಂದಿನ ರಸ್ತೆಯಲ್ಲಿ ನನ್ನ ಟ್ರೈಲರಿನ ಬ್ರೇಕು ಕೈಕೊಟ್ಟಿತು. ಶನಿವಾರ ಅದೇ ಟ್ರೈಲರಿನಲ್ಲಿ ಒಂದು ಮುದಿ ಕುದುರೆಯನ್ನು ಸರಟೋಗಾದ ಗುಡ್ಡದಿಂದ ಸಮುದ್ರದ ಕಡೆಯ ಹುಲ್ಲುಗಾವಲಿಗೆ ಕರೆದೊಯ್ಯಬೇಕಿತ್ತು. ನನ್ನ ಕೈಯಲ್ಲಿ ಇದ್ದದ್ದು ನಾಲ್ಕು ದಿನ.

ಪಿಕಪ್ ಟ್ರಕ್ಕಿಗೆ ಟ್ರೈಲರ್ ಕಟ್ಟಿಕೊಂಡು ಕುದುರೆ ಸಾಗಿಸುವುದು ನನ್ನ ಕೆಲಸ. ಮಂಡ್ಯದ ಕಡೆಯವನೊಬ್ಬ ಅಮೆರಿಕದಲ್ಲಿ ಕುದುರೆ ಸಾಗಿಸುತ್ತಾನೆ ಅಂದರೆ ನಮ್ಮ ಜನ ಮೊದಲು ನಗುತ್ತಾರೆ, ಆಮೇಲೆ "ಮುಂಚೆ ಯಾವ ಕಂಪನೀಲಿದ್ರಿ?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಈ ಕೆಲಸ ಒಪ್ಪಿಸಿದವರು ಸರಟೋಗಾದ ಒಬ್ಬ ಡಾಕ್ಟರಮ್ಮ, ಮೂಲ ಮೈಸೂರು. ಕುದುರೆ ಅವರ ಮಗಳದು. ಮಗಳು ದೇಶದ ಇನ್ನೊಂದು ತುದಿಗೆ ಕಾಲೇಜಿಗೆ ಹೋಗಿದ್ದಳು, ಕುದುರೆ ಇಲ್ಲೇ ಉಳಿದಿತ್ತು. ಅದಕ್ಕೆ ಇಪ್ಪತ್ತೆರಡು ವರ್ಷ, ಉಂಡೆಬೆಲ್ಲದ ಬಣ್ಣ. ಅದಕ್ಕೇ ಆ ಹುಡುಗಿ ಅದಕ್ಕೆ ಬೆಲ್ಲ ಅಂತ ಹೆಸರಿಟ್ಟಿದ್ದಳು. ಲಾಯದವರು ಮಾತ್ರ ಅದನ್ನು ಬೆಲ್ಲಾ ಅಂತ ಎಳೆದು, ಯಾವುದೋ ಇಟಲಿಯ ಹೆಣ್ಣುಮಗಳ ಹೆಸರಿನಂತೆ ಬಾಗಿಲ ಮೇಲೆ ಬರೆದಿದ್ದರು.

ಡಾಕ್ಟರಮ್ಮ ಫೋನಿನಲ್ಲಿ ನೇರವಾಗಿಯೇ ಹೇಳಿದ್ದರು. "ನೋಡಿ, ಅವಳ ಎಡಗಡೆ ಮುಂಗಾಲಿನ ಟೆಂಡನ್ ಒಂದ್ಸಲ ಹರಿದಿತ್ತು. ಈಗ ಹೀಲ್ ಆಗಿದೆ. ಆದ್ರೆ ಇನ್ನೊಂದ್ಸಲ ಹಾಗಾದ್ರೆ ಈ ಏಜಲ್ಲಿ ಏನೂ ಮಾಡಕ್ಕಾಗಲ್ಲ ಅಂತಾರೆ ವೆಟ್ಟು. ಪುಟ್ ಡೌನ್ ಮಾಡ್ಬೇಕಾಗತ್ತೆ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತಾರೆ. ಸಡನ್ ಬ್ರೇಕು ಮಾತ್ರ ಬೇಡ."

ನನ್ನ ಟ್ರೈಲರಿನಲ್ಲಿ ಕುದುರೆ ಮುಂದಕ್ಕೆ ಮುಖ ಮಾಡಿ ನಿಲ್ಲುತ್ತದೆ. ಗಾಡಿ ನಿಂತಾಗಲೆಲ್ಲ ಅದರ ಅಷ್ಟೂ ಭಾರ ಮುಂಗಾಲಿಗೆ ಬೀಳುತ್ತದೆ. ನಿಧಾನಕ್ಕೆ ನಿಂತರೆ ಅದು ಮೈಯನ್ನು ಹಿಂದಕ್ಕೆ ಒರಗಿಸಿ ಸಂಭಾಳಿಸಿಕೊಳ್ಳುತ್ತದೆ. ಗಕ್ಕನೆ ನಿಂತರೆ ಎದೆಗೆ ಅಡ್ಡವಾಗಿರುವ ಕಂಬಿಗೆ ಹೋಗಿ ಬೀಳುತ್ತದೆ. ಹಾಗಾಗಿ ಬೆಲ್ಲದ ಜೀವ ನನ್ನ ಬ್ರೇಕಿನಲ್ಲಿತ್ತು ಅಂದರೆ ಅದು ಮಾತಿನ ಅಲಂಕಾರವಲ್ಲ.

ಟ್ರೈಲರಿನ ಬ್ರೇಕು ಕರೆಂಟಿನದು. ಟ್ರಕ್ಕಿನೊಳಗೆ ಸ್ಟೀರಿಂಗಿನ ಪಕ್ಕ ಒಂದು ಪುಟ್ಟ ಕಂಟ್ರೋಲರ್ ಇರುತ್ತದೆ. ನಾನು ಪೆಡಲ್ ಒತ್ತಿದಾಗ ಅದು ಹಿಂದಿನ ನಾಲ್ಕೂ ಚಕ್ರಗಳಿಗೆ ಕರೆಂಟು ಕಳಿಸುತ್ತದೆ, ಚಕ್ರದ ಡ್ರಮ್ಮಿನೊಳಗಿನ ಅಯಸ್ಕಾಂತ ಕಚ್ಚಿಕೊಳ್ಳುತ್ತದೆ, ಬ್ರೇಕ್ ಶೂಗಳು ಅಗಲವಾಗಿ ಚಕ್ರವನ್ನು ಹಿಡಿಯುತ್ತವೆ. ಎಷ್ಟು ಕರೆಂಟು ಹೋಗಬೇಕು ಅನ್ನುವುದನ್ನು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿಯಲ್ಲಿ ಇಡಬೇಕು. ಅದಕ್ಕೆ ಗೇನು ಅನ್ನುತ್ತಾರೆ. ಊರಿನಲ್ಲಿರುವ ನನ್ನ ಅಕ್ಕನಿಗೆ ಒಮ್ಮೆ ಇದನ್ನು ವಿವರಿಸಲು ಹೋಗಿದ್ದೆ. "ಎಷ್ಟ್ ಗೇಣ್ ಮಡಗ್ತೀಯಪ್ಪ ಅದ?" ಅಂತ ಕೇಳಿದಳು. ಐದು ಗೇಣು ಕಣಕ್ಕ ಅಂದು ಸುಮ್ಮನಾದೆ.

ಒಂದು ಕುದುರೆಗೆ ಐದೂವರೆ ನನ್ನ ಗಾಡಿಯ ಲೆಕ್ಕ. ಆದರೂ ಬೆಲ್ಲದಂಥ ಸವಾರಿಗೆ ಹಳೆಯ ಲೆಕ್ಕವನ್ನು ನಂಬಬಾರದು ಅಂತ ಕುದುರೆಯ ಬದಲು ಐವತ್ತು ಪೌಂಡಿನ ಇಪ್ಪತ್ತು ಮೇವಿನ ಮೂಟೆಗಳನ್ನು ಡ್ರೈವರ್ ಕಡೆಯ ಅಂಕಣದಲ್ಲಿ ಜೋಡಿಸಿಕೊಂಡು ಹೊರಟಿದ್ದೆ. ಪರೀಕ್ಷೆ ಸರಳ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಇಪ್ಪತ್ತೈದು ಮೈಲಿ ವೇಗದಲ್ಲಿ ಹೋಗಬೇಕು, ಪೆಡಲ್ ಮುಟ್ಟದೆ ಕಂಟ್ರೋಲರಿನ ಮೇಲಿನ ಪುಟ್ಟ ಲಿವರನ್ನಷ್ಟೇ ಕೈಯಿಂದ ಪೂರ್ತಿ ಒತ್ತಬೇಕು. ಟ್ರೈಲರ್ ಹಿಂದಿನಿಂದ ಟ್ರಕ್ಕನ್ನು ಹಿಡಿದೆಳೆಯಬೇಕು, ಆದರೆ ಚಕ್ರ ಜಾರಬಾರದು.

ಒತ್ತಿದೆ. ಎಳೆತವೇ ಇಲ್ಲ. ಗೇನನ್ನು ಆರಕ್ಕೆ ಏರಿಸಿದೆ, ಆರೂವರೆ, ಏಳು. ಅಲ್ಲಿಷ್ಟು ಇಲ್ಲಿಷ್ಟು ಹಿಡಿಯಿತು, ಮತ್ತೆ ಬಿಟ್ಟಿತು. ಎಂಟಕ್ಕೆ ಇಟ್ಟು ಒತ್ತಿದಾಗ ರಸ್ತೆಯಲ್ಲಿ ಒಂದು ಚಿಕ್ಕ ಉಬ್ಬು ಸಿಕ್ಕಿತು. ಆ ಕ್ಷಣದಲ್ಲಿ ನಾಲ್ಕೂ ಚಕ್ರಗಳು ಒಟ್ಟಿಗೆ ಕಚ್ಚಿಕೊಂಡು, ರಬ್ಬರ್ ಕಿರುಚಿ, ಗಾಡಿ ಅಲ್ಲಾಡಿ ನಿಂತಿತು. ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದೆ. ಮೇಲಿನ ಆರು ಮೂಟೆಗಳು ಜಾರಿ ಎದೆಕಂಬಿಗೆ ಬಡಿದಿದ್ದವು. ಒಂದು ಒಡೆದು ಮೇವೆಲ್ಲ ನೆಲಕ್ಕೆ ಸುರಿದಿತ್ತು. ಒಡೆದ ಆ ಮೂಟೆ ಇದ್ದದ್ದು ಬೆಲ್ಲದ ಎಡಗಾಲು ಬರುವ ಜಾಗದಲ್ಲಿ.

ಕಂಟ್ರೋಲರಿನ ಪರದೆಯಲ್ಲಿ ಟ್ರೈಲರ್ ಕೂಡಿಕೊಂಡಿದೆ ಅನ್ನುವ ಗುರುತು ಸರಿಯಾಗೇ ಕಾಣುತ್ತಿತ್ತು. ಹಾಗಾಗಿ ಕರೆಂಟಿನ ಮೇಲೆ ನನಗೆ ಅನುಮಾನ ಬರಲಿಲ್ಲ. ಮೂರು ವಾರದ ಹಿಂದೆಯಷ್ಟೇ ಆಯುಧಪೂಜೆಗೆ ಎರಡೂ ಗಾಡಿಗಳನ್ನು ತೊಳೆದು ಒರೆಸಿದ್ದೆ, ಆಗ ಎಲ್ಲ ನೆಟ್ಟಗಿತ್ತು. ಶೂಗಳು ಸವೆದು ಸಡಿಲವಾಗಿವೆ ಅಂತ ತೀರ್ಮಾನಿಸಿದೆ. ಸೈಕಲ್ ಶಾಪಿನ ಮುಂದೆ ಬೆಳೆದವನಿಗೆ ಬ್ರೇಕು ಹಿಡಿಯದಿದ್ದರೆ ಗೊತ್ತಿರುವುದು ಒಂದೇ ಮದ್ದು, ಟೈಟ್ ಮಾಡುವುದು.

ಬುಧವಾರ ಪೂರ್ತಿ ಅದೇ ಕೆಲಸ. ಗಾಡಿ ನಿಲ್ಲಿಸಲು ನಾನು ಬಾಡಿಗೆಗೆ ಹಿಡಿದಿರುವ ಜಾಗ ಆ ಆಫೀಸುಗಳ ಗಾಜಿನ ಕಟ್ಟಡಗಳ ಬೆನ್ನಿಗೆ, ಕೊಲ್ಲಿಯ ಅಂಚಿನಲ್ಲಿದೆ. ಸುತ್ತ ಹೊದಿಕೆ ಹೊದ್ದ ದೋಣಿಗಳು, ಯಾರೂ ಬಂದು ನೋಡದ ಕ್ಯಾಂಪರ್ ಗಾಡಿಗಳು. ಒಂದೊಂದೇ ಚಕ್ರಕ್ಕೆ ಜಾಕು ಕೊಟ್ಟು ಎತ್ತಿದೆ. ಅಂಗಾತ ಮಲಗಿ, ಡ್ರಮ್ಮಿನ ಹಿಂದಿನ ತಗಡಿನಲ್ಲಿರುವ ರಬ್ಬರ್ ಬಿರಡೆ ತೆಗೆದರೆ ಒಳಗೆ ಹಲ್ಲುಹಲ್ಲಾಗಿರುವ ಚಿಕ್ಕ ಚಕ್ರವೊಂದು ಸಿಗುತ್ತದೆ. ಚಪ್ಪಟೆ ಮೂತಿಯ ಕಬ್ಬಿಣದಿಂದ ಅದನ್ನು ಮೀಟಿ ತಿರುಗಿಸಿದರೆ ಶೂಗಳು ಅಗಲವಾಗುತ್ತವೆ. ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿ ಮಾಡಿ, ಆಮೇಲೆ ಕಟಕ್ ಕಟಕ್ ಅಂತ ಹಿಂದಕ್ಕೆ ಬಿಡುತ್ತಾ ಬರಬೇಕು, ಸರಾಗವಾಗಿ ತಿರುಗಿ ಒಳಗೆಲ್ಲೋ ಸಣ್ಣಗೆ ಸವರಿದ ಸದ್ದು ಬರುವವರೆಗೆ.

ನಾನು ಅಷ್ಟು ಬಿಡಲಿಲ್ಲ. ಇರಲಿ, ಒಂದೆರಡು ಹಲ್ಲು ಹೆಚ್ಚೇ ಬಿಗಿ ಇರಲಿ ಅಂದುಕೊಂಡೆ. ಮಧ್ಯಾಹ್ನ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಚಿತ್ರಾನ್ನ ತಿಂದೆ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ ಅನ್ನುವುದು, ಜಾಕು ಜಾರಿದಾಗ ಬೈದ ಬೈಗುಳ ಕಿವಿಗೆ ಬಿದ್ದಾಗಲೇ ಗೊತ್ತಾಯಿತು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಗುರುವಾರ ಬೆಳಿಗ್ಗೆ ಹತ್ತು ಮೈಲಿ ಓಡಿಸಿದೆ. ಬ್ರೇಕು ಈಗಲೂ ಅದೇ ಚಾಳಿ, ಬೇಕಾದಾಗ ಇಲ್ಲ, ಬೇಡವಾದಾಗ ಕಚ್ಚುವುದು. ಜೊತೆಗೆ ಸುಟ್ಟ ವಾಸನೆ ಬೇರೆ. ಇಳಿದು ಎಡಗಡೆಯ ಹಿಂದಿನ ಚಕ್ರದ ಹತ್ತಿರ ಕೈ ಹಿಡಿದರೆ ಕಾದ ತವೆಯ ಹತ್ತಿರ ಹಿಡಿದ ಹಾಗೆ. ಹೆಚ್ಚಿಗೆ ಬಿಗಿ ಮಾಡಿದ ಶೂಗಳು ಡ್ರಮ್ಮನ್ನು ಉಜ್ಜುತ್ತಲೇ ಬಂದಿದ್ದವು. ಮಾಡಿದ ಒಂದು ದಿನದ ಕೆಲಸವನ್ನು ಬಿಚ್ಚಲು ಇನ್ನರ್ಧ ದಿನ ಹಿಡಿಯಿತು. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳೋಣ ಅಂದರೆ ಅಲ್ಲಿ ಯಾರೂ ಇರಲಿಲ್ಲ.

ಆ ಹೊತ್ತಿಗೆ ಡಾಕ್ಟರಮ್ಮನ ಫೋನು. ಕ್ಲಿನಿಕ್ಕಿನಲ್ಲಿ ಎರಡು ಪೇಷಂಟುಗಳ ನಡುವೆ ಮಾಡಿದ್ದರು.

"ಶನಿವಾರ ಎಲ್ಲಾ ರೆಡಿ ತಾನೆ? ಲಾಯದವ್ರು ಅವಳ ಸ್ಟಾಲನ್ನ ಬೇರೆಯವ್ರಿಗೆ ಕೊಟ್ಟಾಗಿದೆ, ಭಾನುವಾರ ಹೊಸ ಕುದುರೆ ಬರತ್ತಂತೆ."

ಹೂಂ ಅಂದುಬಿಡಬಹುದಿತ್ತು. ಗೇನನ್ನು ಎಂಟಕ್ಕಿಟ್ಟು, ಟ್ರಕ್ಕಿನ ಸ್ವಂತ ಬ್ರೇಕಿನ ಮೇಲೆ ಭಾರ ಹಾಕಿ, ದೇವರ ಮೇಲೆ ಉಳಿದದ್ದು ಹಾಕಿ ಹೊರಡುವವರು ಈ ಧಂದೆಯಲ್ಲಿ ಇದ್ದಾರೆ. ನನಗೆ ಆ ಒಡೆದ ಮೂಟೆ ಕಣ್ಣ ಮುಂದೆ ಬಂತು.

"ಇಲ್ಲ ಮೇಡಂ," ಅಂದೆ. "ಬ್ರೇಕು ಸರಿಯಿಲ್ಲ. ಮೂರು ದಿನದಿಂದ ನೋಡ್ತಾ ಇದೀನಿ, ತಲೆಬುಡ ಗೊತ್ತಾಗ್ತಿಲ್ಲ. ನಾಳೆ ಹತ್ತು ಸಲ ನಿಲ್ಲಿಸಿ ನೋಡ್ತೀನಿ. ಒಂದು ಸಲ ಕಚ್ಚಿದ್ರೂ ನಾನು ಅವಳನ್ನ ಹತ್ತಿಸಲ್ಲ. ನೀವು ಬೇರೆಯವರಿಗೂ ಹೇಳಿಟ್ಟಿರಿ."

ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಡಾಕ್ಟರ್ ದನಿಯಲ್ಲಿ ಕೇಳಿದರು. "ಏನಾಗ್ತಿದೆ ಹೇಳಿ, ಮೊದಲಿಂದ."

ಹೇಳಿದೆ. ಐದೂವರೆಯಲ್ಲಿ ಹಿಡಿಯಲಿಲ್ಲ, ಏಳಕ್ಕೂ ಹಿಡಿಯಲಿಲ್ಲ, ಎಂಟರಲ್ಲಿ ಇದ್ದಕ್ಕಿದ್ದ ಹಾಗೆ ಪೂರ್ತಿ ಹಿಡಿಯಿತು ಅಂತ.

"ನಂಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲಪ್ಪ," ಅಂದರು. "ಆದ್ರೆ ಡೋಸ್ ಜಾಸ್ತಿ ಮಾಡ್ತಾ ಹೋದ್ರೂ ಪೇಷಂಟು ರೆಸ್ಪಾಂಡ್ ಮಾಡ್ತಿಲ್ಲ ಅಂದ್ರೆ, ನಾವು ಮೊದಲು ನೋಡೋದು ಔಷಧಿ ಒಳಗೆ ಹೋಗ್ತಿದ್ಯಾ ಅಂತ. ಎಷ್ಟೋ ಸಲ ಡ್ರಿಪ್ಪಿನ ಟ್ಯೂಬೇ ಮಡಚಿಕೊಂಡಿರತ್ತೆ. ಅದು ಗೊತ್ತಾಗದೆ ಡೋಸ್ ಏರಿಸಿರ್ತೀವಿ, ಟ್ಯೂಬು ನೆಟ್ಟಗಾದ ತಕ್ಷಣ ಅಷ್ಟೂ ಒಟ್ಟಿಗೆ ಹೋಗತ್ತೆ. ಅದು ಡೇಂಜರ್ರು."

ಫೋನಿಟ್ಟೆ. ಮೂರು ದಿನ ನಾನು ಡೋಸನ್ನೇ ಏರಿಸುತ್ತಿದ್ದೆ.

ಮೀಟರು ತಂದೆ. ಕಂಟ್ರೋಲರಿನ ಲಿವರನ್ನು ರಬ್ಬರ್ ಬ್ಯಾಂಡಿನಿಂದ ಒತ್ತಿ ಕಟ್ಟಿ, ಕಂಟ್ರೋಲರಿನಿಂದ ಹೊರಟು ಟ್ರಕ್ಕಿನ ಹಿಂದಿನ ಸಾಕೆಟ್ಟಿಗೆ ಬರುವ ನೀಲಿ ತಂತಿ ನೋಡಿದರೆ ಹನ್ನೆರಡು ವೋಲ್ಟು, ಕದಲದೆ ನಿಂತಿತ್ತು. ಅದೇ ನೀಲಿ ತಂತಿ ಪ್ಲಗ್ಗು ದಾಟಿ ಟ್ರೈಲರಿಗೆ ಹೋದ ಮೇಲೆ ನೋಡಿದರೆ ಐದು. ಪ್ಲಗ್ಗನ್ನು ಕೊಂಚ ಅಲ್ಲಾಡಿಸಿದೆ, ಹನ್ನೊಂದು. ಬಿಟ್ಟೆ, ನಾಲ್ಕು. ನಡುವೆ ಇರುವುದು ಪ್ಲಗ್ಗೊಂದೇ.

ಟ್ರಕ್ಕಿನ ಪ್ರಾಣವನ್ನು ಟ್ರೈಲರಿಗೆ ದಾಟಿಸುವ ಈ ಪ್ಲಗ್ಗಿಗೆ ಏಳು ಕಣ್ಣು. ದೀಪಕ್ಕೆ, ತಿರುವಿಗೆ, ಬ್ರೇಕಿಗೆ, ಅರ್ತಿಂಗಿಗೆ ಒಂದೊಂದು. ಅದನ್ನು ಕಿತ್ತು ಬೆಳಕಿಗೆ ಹಿಡಿದೆ. ಒಳಗೆ ಬ್ರೇಕಿನ ಕಣ್ಣಿಗೂ ಅರ್ತಿಂಗಿನ ಕಣ್ಣಿಗೂ ಹಸಿರು ಕಿಲುಬು. ಅದರ ಮೇಲೆ ಗಟ್ಟಿಯಾಗಿ ಕೂತಿದ್ದ ಹಳದಿ, ಕೆಂಪು ಚಕ್ಕೆ. ಉಗುರಿನಿಂದ ಕೆರೆದು ಮೂಸಿದೆ. ಅರಿಶಿನ, ಕುಂಕುಮ. ಹುಳಿ ಬಂದ ತೆಂಗಿನಕಾಯಿ ನೀರಿನ ವಾಸನೆ.

ಆಯುಧಪೂಜೆಯ ದಿನ ಇದೇ ಜಾಗದಲ್ಲಿ ಎಂಟು ಚಕ್ರಕ್ಕೆ ಎಂಟು ನಿಂಬೆಹಣ್ಣು ಇಟ್ಟಿದ್ದೆ. ಬಾನೆಟ್ಟಿಗೆ, ಟ್ರೈಲರಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿದ್ದೆ. ಎರಡೂ ಗಾಡಿಯನ್ನು ಕೂಡಿಸುವುದು ಇದೇ ಅಲ್ಲವೇ ಅಂತ ಭಕ್ತಿ ಜಾಸ್ತಿಯಾಗಿ, ಬಾಯಿ ತೆರೆದು ನೇತಾಡುತ್ತಿದ್ದ ಪ್ಲಗ್ಗಿನ ತುಟಿಗೂ ಒಂದು ಬೊಟ್ಟು ಒತ್ತಿದ್ದೆ. ಆಮೇಲೆ ಅದರ ನೆತ್ತಿಯ ಮೇಲಿನ ಕಬ್ಬಿಣಕ್ಕೇ ಕಾಯಿ ಒಡೆದಿದ್ದೆ. ನೀರೆಲ್ಲ ಏಳೂ ಕಣ್ಣಿಗೆ ಇಳಿದಿರಬೇಕು. ಸದಾ ಕರೆಂಟಿರುವ ಸಾಕೆಟ್ಟಿಗೆ ಅದನ್ನು ಹಾಗೇ ಚುಚ್ಚಿ ಮೂರು ವಾರ ಬೇಯಿಸಿದ್ದೆ.

ನಗು ಬಂತು. ಜೋರಾಗಿಯೇ ನಕ್ಕೆ. ನಗುತ್ತಿರುವಾಗಲೇ ಒಂದು ಪ್ಲಾಸ್ಟಿಕ್ ಚೀಲ ನೆನಪಾಯಿತು.

ಪ್ರತಿ ವರ್ಷ ಪೂಜೆಗೆ ಮುಂಚೆ ನನ್ನ ಹೆಂಡತಿ ಗ್ರೋಸರಿಯ ಒಂದು ಚೀಲವನ್ನು ಆ ಪ್ಲಗ್ಗಿಗೆ ತೊಡಿಸಿ, ತನ್ನ ಕೂದಲಿನ ರಬ್ಬರ್ ಬ್ಯಾಂಡ್ ಬಿಚ್ಚಿ ಕಟ್ಟುತ್ತಿದ್ದಳು. ಅವಳಿಗೆ ತಂತಿಯ ವಿಷಯ ಏನೂ ಗೊತ್ತಿರಲಿಲ್ಲ. "ಕಲೆ ಆದ್ರೆ ಹೋಗಲ್ಲ ಕಣ್ರೀ," ಅನ್ನುತ್ತಿದ್ದಳು, ಅಷ್ಟೇ. ಇದೇನು ಮಡಿ ಇವಳದು ಅಂತ ನಾನು ಗೊಣಗುತ್ತಿದ್ದೆ. ಅವಳು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ನಾನೊಬ್ಬನೇ ನಿಂತು ಮಾಡಿದ ಮೊದಲ ಆಯುಧಪೂಜೆ ಅದು. ಮಂತ್ರ ತಪ್ಪದಂತೆ, ನಿಂಬೆಹಣ್ಣು ಕಡಿಮೆಯಾಗದಂತೆ ನೋಡಿಕೊಂಡಿದ್ದೆ. ಚೀಲ ಪೂಜೆಯ ಭಾಗ ಅಂತ ನನಗೆ ಗೊತ್ತೇ ಇರಲಿಲ್ಲ.

ಟ್ರಕ್ಕಿಗೆ ಒರಗಿ ನೆಲದ ಮೇಲೆ ಕೂತು ಅತ್ತೆ. ಇದನ್ನು ಯಾರಿಗೆ ಹೇಳುವುದು? ಇಲ್ಲಿನ ಮೆಕ್ಯಾನಿಕ್ಕಿಗೆ ಕುಂಕುಮ ಅಂದರೇನು ಅನ್ನುವುದರಿಂದ ಶುರು ಮಾಡಬೇಕು. ಕೇಳಿದ ಕೂಡಲೇ ನಕ್ಕು, "ನಾನ್ ಹೇಳಿರ್ಲಿಲ್ವಾ" ಅನ್ನಬೇಕಾದವಳು ಒಬ್ಬಳೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೊಸ ಪ್ಲಗ್ಗು, ಸಾಕೆಟ್ಟು ತರಲು ಹೋದೆ.

ಏಳು ತಂತಿಗಳನ್ನು ಹೊಸದಾಗಿ ಕತ್ತರಿಸಿ, ಬಣ್ಣ ನೋಡಿ ನೋಡಿ ಜೋಡಿಸಿ, ನೀರು ಹೋಗದ ಹಾಗೆ ಗ್ರೀಸು ತುಂಬಿದೆ. ನಾಲ್ಕೂ ಚಕ್ರಗಳ ಬಿಗಿಯನ್ನು ಮತ್ತೊಮ್ಮೆ ನೋಡಿ, ಈ ಸಲ ಸಣ್ಣ ಸದ್ದು ಬರುವವರೆಗೆ ಬಿಟ್ಟೆ. ಶುಕ್ರವಾರ ಬೆಳಿಗ್ಗೆ ಮೂಟೆಗಳ ಪಕ್ಕ, ಟ್ರೈಲರಿನ ನೆಲದ ಮೇಲೆ ಪೂಜೆಯ ತಾಮ್ರದ ಚೊಂಬು ಇಟ್ಟು ಕಂಠದವರೆಗೆ ನೀರು ತುಂಬಿದೆ. ಗೇನನ್ನು ಮೂರಕ್ಕೆ ಇಳಿಸಿ, ಅರ್ಧರ್ಧ ಏರಿಸುತ್ತಾ ಬಂದೆ. ಐದೂವರೆಗೆ ಬಂದಾಗ ಗಾಡಿ ನಾನು ಬಲ್ಲ ಹಾಗೆ ನಿಂತಿತು. ಹತ್ತು ಸಲ ನಿಲ್ಲಿಸಿದೆ, ಉಬ್ಬಿನ ಮೇಲೂ ನಿಲ್ಲಿಸಿದೆ. ಪ್ರತಿ ಸಲವೂ ಇಳಿದು ಹೋಗಿ ಚೊಂಬು ನೋಡಿದೆ. ನೆಲ ಒದ್ದೆಯಾಗಲಿಲ್ಲ.

ಡಾಕ್ಟರಮ್ಮನಿಗೆ ಫೋನು ಮಾಡಿ ಕಾರಣವನ್ನೂ ಹೇಳಿದೆ. ಚೀಲದ ವಿಷಯ ಬಿಟ್ಟು. ಅವರು ಎಷ್ಟು ನಕ್ಕರು ಅಂದರೆ ಆ ಕಡೆಯಿಂದ ನರ್ಸು ಬಂದು ವಿಚಾರಿಸಿದ್ದು ಕೇಳಿಸಿತು.

ಶನಿವಾರ ಒಂಬತ್ತಕ್ಕೆ ಲಾಯಕ್ಕೆ ಹೋದೆ. ಡಾಕ್ಟರಮ್ಮ ಬೆಲ್ಲದ ಕಾಲುಗಳಿಗೆ ದಪ್ಪ ಬಟ್ಟೆ ಸುತ್ತಿಸುತ್ತಿದ್ದರು. ಫೋನನ್ನು ಕುದುರೆಯ ಮುಖಕ್ಕೆ ಹಿಡಿದಿದ್ದರು, ಆ ಕಡೆ ಮಗಳು. ಹುಡುಗಿ ನನ್ನನ್ನು ನೋಡಿ, "ಅಂಕಲ್, ಪ್ಲೀಸ್ ಗೋ ಸ್ಲೋ, ಓಕೇ?" ಅಂದಳು. "ಮೆಲ್ಲಗೆ ಹೋಗ್ತೀನಿ ಮಗಳೇ," ಅಂದೆ. "ಮೆಲ್ಲಗೆ," ಅಂತ ಅವಳೂ ಹೇಳಿ ನೋಡಿದಳು.

ಬೆಲ್ಲ ಒಂದೇ ಸಲಕ್ಕೆ ಹತ್ತಿತು. ಬೇರೆ ಕುದುರೆಗಳ ಜೊತೆ ನಾನು ಇಂಗ್ಲಿಷಿನಲ್ಲಿ ಎರಡು ಮಾತು ಆಡುವುದುಂಟು. ಇವಳ ಹೆಸರು ಹಿಡಿದು ಕರೆದ ಮೇಲೆ ಬಾಯಿಂದ ಬಂದದ್ದು ನಮ್ಮೂರಿನ ಮಾತೇ. "ನಿಂತ್ಕೊ ಕಣವ್ವಾ, ಒಂದ್ ಗಂಟೆ, ಅಷ್ಟೇಯ." ಕಿವಿ ತಿರುಗಿಸಿ ಕೇಳಿದಳು.

ಎಂಬತ್ತೈದನೇ ಹೆದ್ದಾರಿ, ಆಮೇಲೆ ಇನ್ನೂರ ಎಂಬತ್ತನೆಯದು. ಡಾಕ್ಟರಮ್ಮ ತಮ್ಮ ಕಾರಿನಲ್ಲಿ ಹಿಂದೆ ಬರುತ್ತಿದ್ದರು. ಪ್ರತಿ ಸಲ ವೇಗ ಇಳಿಸುವಾಗಲೂ ಕನ್ನಡಿ ನೋಡಿ, "ಸರಿಯಾಗಿದ್ದೀಯೇನವ್ವಾ?" ಅಂತ ಕೇಳುತ್ತಿದ್ದೆ. ಕೇಳಿಸುವುದಿಲ್ಲ ಅಂತ ಗೊತ್ತು. ಆದರೆ ಅವಳು ಕಾಲು ಬದಲಿಸಿದ್ದು ಟ್ರಕ್ಕಿನ ಸೀಟಿನವರೆಗೂ ಬರುತ್ತಿತ್ತು, ದೊಪ್ ಅಂತ ಒಂದು ಮೆತ್ತನೆಯ ಪೆಟ್ಟು. ಅದನ್ನೇ ಉತ್ತರ ಅಂದುಕೊಂಡೆ. ಅಷ್ಟು ಹೊತ್ತು ನಾನು ಒಬ್ಬರ ಜೊತೆ ಮಾತಾಡಿ ತಿಂಗಳುಗಳೇ ಆಗಿದ್ದವು.

ತೊಂಬತ್ತೆರಡನೇ ರಸ್ತೆ ಜಲಾಶಯ ದಾಟಿ ಗುಡ್ಡ ಹತ್ತಿ, ಆಚೆ ಕಡೆ ಸಮುದ್ರಕ್ಕೆ ಸುತ್ತಿ ಸುತ್ತಿ ಇಳಿಯುತ್ತದೆ. ನೆತ್ತಿಯಲ್ಲೇ ಗೇರು ಇಳಿಸಿದೆ. ಎರಡನೇ ತಿರುವಿನ ಆಚೆ ಕಾರುಗಳ ಸಾಲು ನಿಂತಿತ್ತು, ಇಲ್ಲಿಯವರ ದೆವ್ವದ ಹಬ್ಬಕ್ಕೆ ಕುಂಬಳಕಾಯಿ ಕೊಳ್ಳಲು ಬಂದ ಜನ. ಪೆಡಲಿಗಿಂತ ಮೊದಲು ಕಂಟ್ರೋಲರಿನ ಲಿವರನ್ನು ಬೆರಳಿನಿಂದ ಸವರಿದೆ. ಟ್ರೈಲರ್ ಹಿಂದಿನಿಂದ ಮೆಲ್ಲಗೆ ಹಿಡಿದುಕೊಂಡಿತು. ಆಮೇಲೆ ಪೆಡಲ್. ಮುಂದಿನ ಕಾರಿಗೆ ಎರಡು ಮಾರು ಇರುವಾಗ, ನಿಂತದ್ದೇ ಗೊತ್ತಾಗದ ಹಾಗೆ ನಿಂತೆವು. ಕಾದೆ. ದೊಪ್, ಅಂತ ಒಂದು ಕಾಲು ಬದಲಿಸಿದಳು.

ಹುಲ್ಲುಗಾವಲಿನಲ್ಲಿ ಇಳಿಸಿ ಹಗ್ಗ ಬಿಚ್ಚಿದಾಗ ಬೆಲ್ಲ ನಾಲ್ಕು ಹೆಜ್ಜೆ ನಡೆದು ನಿಂತಳು. ಡಾಕ್ಟರಮ್ಮ ಬಗ್ಗಿ ಎಡಗಾಲಿನ ಬಟ್ಟೆ ಬಿಚ್ಚಿ, ಕೈಯಿಂದ ಒತ್ತಿ ಒತ್ತಿ ನೋಡಿದರು. "ಬಿಸಿ ಇಲ್ಲ, ಊತ ಇಲ್ಲ," ಅಂದರು. ಮತ್ತೆ ಅದನ್ನೇ ಹೇಳಿದರು, ಕಣ್ಣು ಒರೆಸಿಕೊಂಡರು. ಬೆಲ್ಲ ಅಷ್ಟರಲ್ಲಿ ದೂರದ ಎರಡು ಕುದುರೆಗಳ ಕಡೆ ಹೊರಟಿದ್ದಳು. ನಮ್ಮಿಬ್ಬರನ್ನೂ ತಿರುಗಿ ನೋಡಲಿಲ್ಲ. ಡಾಕ್ಟರಮ್ಮನಿಗೆ ಡ್ಯೂಟಿ ಇತ್ತು. "ಯಾವತ್ತಾದ್ರೂ ಊಟಕ್ ಬನ್ನಿ," ಅಂದು ಹೊರಟರು. ಯಾವತ್ತು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ವಾಪಸ್ಸು ಬರುವಾಗ ಹಾಫ್ ಮೂನ್ ಬೇಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಮಾಮೂಲಿನಂತೆ ಪೆಡಲ್ ಒತ್ತಿದೆ. ಯಾರೋ ಹಿಂದಿನಿಂದ ಜುಟ್ಟು ಹಿಡಿದು ಎಳೆದ ಹಾಗೆ ಟ್ರಕ್ಕು ಗಕ್ಕನೆ ನಿಂತಿತು, ಟ್ರೈಲರಿನ ಚಕ್ರಗಳು ಕಿರುಚಿದವು. ಬೆಲ್ಲದ ಭಾರಕ್ಕೆ ಇಟ್ಟಿದ್ದ ಐದೂವರೆ ಹಾಗೇ ಇತ್ತು. ಇಳಿಸಲು ಮರೆತಿದ್ದೆ.

"ಪೆಟ್ಟಾಯ್ತೇನವ್ವಾ?" ಅಂದೆ.

ಅಂದ ಮೇಲೆ ಕನ್ನಡಿ ನೋಡುತ್ತಾ ಕಾದೆ ಕೂಡ. ಹಸಿರು ಬಂತು, ಹಿಂದಿನ ಕಾರಿನವನು ಹಾರ್ನ್ ಮಾಡಿದ. ಗೇನನ್ನು ಎರಡೂವರೆಗೆ ಇಳಿಸಿ ಹೊರಟೆ. ಖಾಲಿ ಗಾಡಿಗೆ ಅಷ್ಟು ಸಾಕಾಗುತ್ತದೆ.